ಸಿಹಿನೀರಿನ ಸರದಿ

ಆ ವರ್ಷದ ಮೇ ತಿಂಗಳಲ್ಲಿ ಡೊಂಬಿವಲಿಯಲ್ಲಿ ನೀರಿಗೆ ಎಂಥ ಗತಿ ಬಂದಿತ್ತೆಂದರೆ, ಗಂಡ ಹೆಂಡಿರು ಜಗಳವಾಡಿ ಅಳುವಾಗಲೂ ಕೆಳಗೊಂದು ಬಟ್ಟಲು ಇಟ್ಟುಕೊಂಡೇ ಅಳುತ್ತಿದ್ದರು. ಕಾಗೆಗಳು ಬಾಯಿ ಮುಕ್ಕಳಿಸಲು ಕಲ್ಯಾಣದ ಖಾಡಿಯ ಉಪ್ಪುನೀರಿನವರೆಗೆ ಹಾರಿಹೋಗಿ ಬರುತ್ತಿದ್ದವು. ಲೋಕಲ್ ಟ್ರೇನಿನಲ್ಲಿ ಪಕ್ಕದವನ ಬೆವರು ತಾಗಿದರೆ ಮೊದಲಿನಂತೆ ಯಾರೂ ಬೈಯುತ್ತಿರಲಿಲ್ಲ. ಅಷ್ಟಾದರೂ ತಂಪಾಯಿತಲ್ಲ ಎಂದು ಇನ್ನೂ ಸ್ವಲ್ಪ ಒತ್ತಿ ನಿಲ್ಲುತ್ತಿದ್ದರು. ನೀಲಗಂಗಾ ಸೊಸೈಟಿಯ ಮೂವತ್ತಾರು ಮನೆಗಳ ನಲ್ಲಿಗಳು ಬರೀ ಗಾಳಿ ಊದುತ್ತಿದ್ದವು. ನಾಲ್ಕನೇ ಮಹಡಿಯ ರಮಾಮಣಿಯ ನಲ್ಲಿಯಂತೂ ಫಾಸ್ಟ್ ಲೋಕಲ್‌ನ ಹಾಗೆ ಹಾರ್ನ್ ಹೊಡೆಯುತ್ತಿತ್ತು. ಅದನ್ನು ಕೇಳಿ ಎದುರು ಬಿಲ್ಡಿಂಗಿನ ಮುದುಕರೊಬ್ಬರು ಎರಡು ದಿನ ಡಬ್ಬಿ ಹಿಡಿದು ಸ್ಟೇಷನ್ನಿಗೆ ಓಡಿದ್ದರಂತೆ.

ಊರಿಗೆ ನೀರು ತರುವ ದೊಡ್ಡ ಪೈಪು ಎಲ್ಲೋ ಒಡೆದಿತ್ತು. ಎರಡು ದಿನದಲ್ಲಿ ಸರಿಯಾಗುತ್ತದೆ ಎಂದವರು ಎಂಟನೇ ದಿನವೂ ಎರಡೇ ದಿನ ಎನ್ನುತ್ತಿದ್ದರು. ವಾರಕ್ಕೆ ಮೂರು ಸಲ ಬರುತ್ತಿದ್ದ ಟ್ಯಾಂಕರ್ ಒಂದು ಸಲವೂ ಬಾರದಾಯಿತು. ಕೊನೆಗೆ ಸೆಕ್ರೆಟರಿ ಹೃಷೀಕೇಶ ಟೆರೇಸಿನ ಮೇಲೆ ಮೀಟಿಂಗ್ ಕರೆದ. ಅವನು ಉಡುಪಿ ಕಡೆಯವನು, ಬ್ಯಾಂಕಿನಲ್ಲಿ ಕೆಲಸ. ಮೀಟಿಂಗಿನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಬೈದು, ಬೈದು ಗಂಟಲು ಒಣಗಿ, ಕುಡಿಯಲು ನೀರಿಲ್ಲವೆಂದು ನೆನಪಾಗಿ ಸುಮ್ಮನಾದಾಗ ಮೂರನೇ ಮಹಡಿಯ ಗುರುವಪ್ಪ ಎದ್ದು ನಿಂತರು.

ಮೂಲೆಯಲ್ಲಿ ಬಾಲ್ದಿ ಬೋರಲು ಹಾಕಿ ಕೂತಿದ್ದ ಬಾಗಿ ಸೆರಗು ಬಿಗಿದುಕೊಂಡಳು. ಗಂಡ ಹೀಗೆ ಎದೆ ಸೆಟೆಸಿ ಎದ್ದು ನಿಂತಾಗಲೆಲ್ಲ ಒಂದು ಅನಾಹುತ ಅವರ ಬೆನ್ನ ಹಿಂದೆಯೇ ಎದ್ದು ನಿಲ್ಲುತ್ತದೆಂದು ನಲವತ್ತು ವರ್ಷದ ಸಂಸಾರದಲ್ಲಿ ಅವಳಿಗೆ ಗೊತ್ತಿತ್ತು.

"ಇದೆಂತ ಬರ ಮಾರಾಯ್ರೆ?" ಎಂದರು ಗುರುವಪ್ಪ. "ಒಮಾನಿನ ಮರುಭೂಮಿಯಲ್ಲಿ ನಾನಿದ್ದ ಊರಲ್ಲಿ ಹನ್ನೊಂದು ವರ್ಷ ಒಂದು ಹನಿ ಬೀಳಲಿಲ್ಲ. ಹನ್ನೆರಡನೇ ವರ್ಷ ಒಂದು ಹನಿ ಬಿತ್ತು. ಅದನ್ನು ನೂರಾ ನಲವತ್ತು ಮನೆಯವರು ಹಂಚಿಕೊಂಡರು. ಒಬ್ಬನಿಗೂ ಕಡಿಮೆ ಬೀಳಲಿಲ್ಲ. ಹಂಚಿದ್ದು ಯಾರು? ಈ ಗುರುವಪ್ಪ."

"ಒಂದು ಹನಿಯನ್ನು ಹೇಗೆ ಹಂಚಿದ್ದು ಗುರುವಣ್ಣ?" ಹೃಷೀಕೇಶ ನಗು ತಡೆದುಕೊಂಡು ಕೇಳಿದ.

"ನೆರಳಿನಿಂದ."

ಗುರುವಪ್ಪ ವಿವರಿಸಿದರು. ಅಲ್ಲಿ ಗುಡ್ಡದ ಬುಡದಿಂದ ಒಂದು ಕಾಲುವೆ ಬರುತ್ತದೆ. ಊರ ನಡುವೆ ಒಂದು ಕೋಲು ನೆಟ್ಟಿರುತ್ತಾರೆ. ಕೋಲಿನ ನೆರಳು ಈ ಗೆರೆಯಿಂದ ಆ ಗೆರೆಗೆ ಸರಿಯುವವರೆಗೆ ಒಂದು ಮನೆಯ ಪಾಲಿನ ನೀರು. ದಾಟಿತೋ, ಮುಂದಿನ ಮನೆಯದು. ಸುಲ್ತಾನನ ಭಾವಮೈದ ಬಂದರೂ ಒಂದು ಗೆರೆ ಆಚೀಚೆ ಇಲ್ಲ. ಊರಿಗೊಬ್ಬ ನೀರಿನ ಯಜಮಾನ ಇರುತ್ತಾನೆ. ಬೆಳಿಗ್ಗೆ ಮೊದಲ ಬಟ್ಟಲು ಅವನು ಕುಡಿಯಬೇಕು. ನೆರಳು ನಾಲ್ಕು ಬೆರಳು ಸರಿಯುವವರೆಗೆ ಎಲ್ಲರೂ ಕಾಯಬೇಕು. ಅವನು ನಿಂತೇ ಇದ್ದರೆ ನೀರು ಒಳ್ಳೆಯದು.

"ಬಿದ್ದರೆ?" ರಮಾಮಣಿ ಕೇಳಿದಳು.

"ಮೂರು ಜನ ಬಿದ್ದ ಮೇಲೆಯೇ ನನ್ನನ್ನು ಯಜಮಾನ ಮಾಡಿದ್ದು. ಆಮೇಲೆ ಯಾರೂ ಬೀಳಲಿಲ್ಲ. ನಾಲಿಗೆಗೆ ಒಂದು ತೊಟ್ಟು ತಾಗಿದರೆ ಸಾಕು, ಅದು ಯಾವ ಗುಡ್ಡದ್ದು, ದಾರಿಯಲ್ಲಿ ಯಾವ ಒಂಟೆ ಅದರಲ್ಲಿ ಕಾಲಿಟ್ಟಿತ್ತು, ಆ ಒಂಟೆಯ ವಯಸ್ಸೆಷ್ಟು, ಎಲ್ಲ ಹೇಳುತ್ತಿದ್ದೆ. ನಮ್ಮ ಕಂಪೌಂಡಿನ ಹಿಂದೆ ಬಾವಿ ಉಂಟಲ್ಲ, ಅದನ್ನು ತೆರೆಯಿರಿ. ನಾನು ಕುಡಿದು ಹೇಳುತ್ತೇನೆ."

ಚಪ್ಪಾಳೆ ಬಿತ್ತು. ಬಾಗಿಗೆ ಮಾತ್ರ ಬಾಲ್ದಿಯೊಂದಿಗೆ ಭೂಮಿಯೊಳಗೆ ಇಳಿದುಹೋಗುವಂತಾಯಿತು. ಗಂಡ ಒಮಾನಿನಲ್ಲಿ ಇಪ್ಪತ್ತೆರಡು ವರ್ಷ ಇದ್ದದ್ದು ನಿಜ. ಆದರೆ ಎಣ್ಣೆ ಕಂಪನಿಯ ಕ್ಯಾಂಪಿನಲ್ಲಿ ಅನ್ನ ಬೇಯಿಸಿಕೊಂಡು. ಒಂದು ಸಲ ಕ್ಯಾಂಪಿಗೆ ನಾಲ್ಕು ದಿನ ನೀರಿನ ಲಾರಿ ಬಾರದಿದ್ದಾಗ ಕೊಡ ಹಿಡಿದು ಹತ್ತಿರದ ಹಳ್ಳಿಗೆ ಹೋಗಿ, ಅಲ್ಲಿನ ಮುದುಕನೊಬ್ಬ ನೆರಳು ನೋಡಿ ನೀರು ಬಿಡುವುದನ್ನು ಕಂಡಿದ್ದರು. ಅಷ್ಟೇ. ಮೊದಲ ಬಟ್ಟಲು, ನಾಲ್ಕು ಬೆರಳು, ಬಿದ್ದ ಮೂವರು, ಎಲ್ಲ ಈಗ ಟೆರೇಸಿನ ಮೇಲೆ ಹುಟ್ಟಿದ್ದು.

ಅದಾದರೂ ಸುಳ್ಳು ಎಂದು ಬಿಡಬಹುದಿತ್ತು. ಬಾಗಿಯೊಬ್ಬಳಿಗೇ ಗೊತ್ತಿದ್ದ ಎರಡನೆಯ ಸಂಗತಿ ಅದಕ್ಕಿಂತ ದೊಡ್ಡದು. ಲಾಕ್‌ಡೌನಿನ ಎರಡನೇ ವರ್ಷ ಬಂದ ಜ್ವರ ಇಳಿದಾಗ ಗುರುವಪ್ಪನವರ ನಾಲಿಗೆಯನ್ನೂ ಮೂಗನ್ನೂ ಜೊತೆಗೇ ಕರೆದುಕೊಂಡು ಹೋಗಿತ್ತು. ನಾಲ್ಕು ವರ್ಷವಾಗಿತ್ತು. ಬೆಲ್ಲ ತಿಂದರೂ ಮಣ್ಣು, ಹುಣಸೆ ತಿಂದರೂ ಮಣ್ಣು. ಡೊಂಬಿವಲಿಯಿಂದ ಥಾಣೆಯವರೆಗೆ ಕನ್ನಡದವರ ಮದುವೆಗಳಿಗೆಲ್ಲ ಅಡುಗೆ ಮಾಡುವ ಗುರುವಪ್ಪನಿಗೆ ಸಾಂಬಾರಿಗೂ ಸಾಬೂನಿನ ನೀರಿಗೂ ವ್ಯತ್ಯಾಸ ತಿಳಿಯದೆಂದರೆ ನಾಳೆಯಿಂದ ಕರೆಯುವವರುಂಟೇ? ಅದಕ್ಕೆ ಗಂಡ ಹೆಂಡತಿ ಒಂದು ಉಪಾಯ ಮಾಡಿಕೊಂಡಿದ್ದರು. ಒಲೆಯ ಪಕ್ಕ ತರಕಾರಿ ಹೆಚ್ಚುತ್ತ ಕೂತ ಬಾಗಿ ಮೊದಲು ರುಚಿ ನೋಡುವುದು. ಸರಿಯಿದ್ದರೆ ಮೂಗುತಿ ಮುಟ್ಟುವುದು, ಕೆಟ್ಟಿದ್ದರೆ ಕಿವಿ. ಆಮೇಲೆ ಗುರುವಪ್ಪ ದೊಡ್ಡ ಸೌಟಿನಲ್ಲಿ ತೆಗೆದು, ಕಣ್ಣು ಮುಚ್ಚಿ, ಆಕಾಶ ನೋಡಿ, "ಅರ್ಧ ಮುಷ್ಟಿ ಉಪ್ಪು" ಎಂದು ಅಪ್ಪಣೆ ಕೊಡುವುದು. ನಾಲ್ಕು ವರ್ಷದಲ್ಲಿ ನೂರಾ ಹನ್ನೆರಡು ಮದುವೆ ಹೀಗೆ ದಾಟಿದ್ದವು. ಅವರ ನಾಲಿಗೆಯ ಕೀರ್ತಿ ನಾಲಿಗೆ ಸತ್ತ ಮೇಲೆಯೇ ಹೆಚ್ಚಿತ್ತು.

"ನಿಮಗೆ ತಲೆ ಸರಿ ಉಂಟಾ?" ಮನೆಗೆ ಬಂದು ಬಾಗಿಲು ಹಾಕಿದ್ದೇ ಬಾಗಿ ಕೇಳಿದಳು. "ಇದು ಮದುವೆಯ ಸಾರಲ್ಲ. ಮೂವತ್ತಾರು ಮನೆಯ ಮಕ್ಕಳುಮರಿ ಕುಡಿಯುವ ನೀರು. ಗೋಡೆಯ ಆಚೆ ಎಂತ ಉಂಟು, ನೋಡಿದ್ದೀರಾ?"

ಗೋಡೆಯ ಆಚೆ ಕೆಮಿಕಲ್ ಕಾರ್ಖಾನೆಗಳ ಸಾಲು ಮುಗಿಯುವಲ್ಲಿ ಒಂದು ತಗಡಿನ ಶೆಡ್ಡಿತ್ತು. ಅದರ ಅಂಗಳದಲ್ಲಿ ನೀಲಿ ಡ್ರಮ್ಮುಗಳನ್ನು ತೆಂಗಿನ ಮರಕ್ಕಿಂತ ಎತ್ತರಕ್ಕೆ ಒಟ್ಟಿದ್ದರು.

"ನೀನಿದ್ದೀಯಲ್ಲ," ಎಂದರು ಗುರುವಪ್ಪ, ಮೆತ್ತಗೆ. "ನಿನ್ನ ನಾಲಿಗೆ ನನ್ನದಕ್ಕಿಂತ ಚುರುಕು. ನೀನು ಮೂಗುತಿ ಮುಟ್ಟಿದರೆ ಕುಡಿಯುತ್ತೇನೆ. ಕಿವಿ ಮುಟ್ಟಿದರೆ ಬಾವಿ ಮುಚ್ಚಿಸುತ್ತೇನೆ. ದೇವರಾಣೆ."

ಕಾಲೇಜಿಗೆಂದು ಅವರ ಮನೆಯಲ್ಲೇ ಇದ್ದ ಮೊಮ್ಮಗಳು ನಿಶ್ಮಿತಾ ಆಗ ಒಳಗಿನಿಂದ ಬಂದು ಖಾಲಿ ಫಿಲ್ಟರನ್ನು ಅಲ್ಲಾಡಿಸಿ, "ಅಜ್ಜಿ, ಪಾನೀ ಹೈ ಕ್ಯಾ?" ಎಂದಳು. ಇರಲಿಲ್ಲ.

ಮರುದಿನ ಬೆಳಿಗ್ಗೆ ಆರು ಜನ ಗಂಡಸರು ಸೇರಿ ಇಪ್ಪತ್ತು ವರ್ಷದ ತುಕ್ಕು ಹಿಡಿದ ಕಬ್ಬಿಣದ ಮುಚ್ಚಳವನ್ನು ಎತ್ತಿದರು. ಒಳಗಿನಿಂದ ಬಂದ ತಣ್ಣನೆಯ ಗಾಳಿಗೆ ಇಡೀ ಸೊಸೈಟಿಗೆ ಒಮ್ಮೆಲೇ ಸೀನು ಬಂತು. ಹೃಷೀಕೇಶ ಒಂದು ಬಾಟಲಿಯಲ್ಲಿ ನೀರು ತುಂಬಿಸಿ ಲ್ಯಾಬಿಗೆ ಕಳಿಸಿದ. ರಿಪೋರ್ಟಿಗೆ ಹತ್ತು ದಿನ ಎಂದರು. ಹತ್ತು ದಿನ ಕಾಯುವ ಗಂಟಲು ಯಾರಿಗಿತ್ತು? ಧ್ವಜದ ಕಂಬದ ಸುತ್ತ ಗುರುವಪ್ಪ ಸುಣ್ಣದಲ್ಲಿ ಗೆರೆ ಎಳೆದರು. ದಿನಕ್ಕೆ ಹದಿನೆಂಟು ಮನೆ, ಒಂದು ಮನೆಗೆ ಒಂದು ಗೆರೆಯಷ್ಟು ಪಂಪಿನ ನೀರು. ಬಾಗಿ ಮೊದಲ ಬಾಲ್ದಿಯಿಂದ ತುಳಸಿಗೆಂದು ಚೊಂಬಿನಲ್ಲಿ ತೆಗೆದು, ಸೆರಗಿನ ಮರೆಯಲ್ಲಿ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಕಬ್ಬಿಣ, ಸ್ವಲ್ಪ ಪಾಚಿ. ಊರ ಬಾವಿಗಳ ನೀರಿನ ಹಾಗೇ ಇತ್ತು. ಮೂಗುತಿ ಮುಟ್ಟಿದಳು.

ಗುರುವಪ್ಪ ಕುಡಿದರು. ಕಂಬದ ನೆರಳು ನಾಲ್ಕು ಬೆರಳು ಸರಿಯಿತು. ಅವರು ಬೀಳಲಿಲ್ಲ. ಮೀಸೆ ತಿರುವಿದರು. ಪಂಪು ಶುರುವಾಯಿತು.

ಹಂಚಿಕೆ ಚೆನ್ನಾಗಿಯೇ ನಡೆಯಿತೆಂದು ಹೇಳಬೇಕು. ಪಾರ್ಕಿಂಗಿನ ಒಂದು ಗೇಣಿಗಾಗಿ ಹನ್ನೆರಡು ವರ್ಷ ಕೋರ್ಟಿಗೆ ಅಲೆದವರು ಕೂಡ ನೆರಳಿನ ಮಾತಿಗೆ ಎದುರಾಡಲಿಲ್ಲ. ಗೆರೆಗೆ ನೆರಳು ತಾಗಿದ ಕೂಡಲೆ ಪೈಪು ತಾನಾಗಿ ಮುಂದಿನವರ ಕೈಗೆ ಹೋಗುತ್ತಿತ್ತು. ಗುರುವಪ್ಪ ಕುರ್ಚಿ ಹಾಕಿಕೊಂಡು ತಲೆಗೆ ಬಿಳಿ ಪಂಚೆ ಸುತ್ತಿ ಕೂತರೆ ಮಸ್ಕತ್ತಿನ ಕಾಜಿಯೇ ಬಂದು ಕೂತ ಹಾಗೆ. ವಿಠ್ಠಲವಾಡಿಯಿಂದೆಲ್ಲ ಜನ ನೋಡಲು ಬಂದರು.

ಐದನೆಯ ದಿನ ಬೆಳಿಗ್ಗೆ ನೀರಿನಲ್ಲಿ ಒಂದು ಎಳೆಯ ಸಿಹಿ ಇತ್ತು. ಕಬ್ಬಿಣದ ವಾಸನೆ ಹೋಗಿತ್ತು. ಹೊಸ ಒರತೆ ಬಿಟ್ಟುಕೊಂಡಿರಬೇಕು ಎಂದುಕೊಂಡಳು ಬಾಗಿ. ಸಿಹಿ ಎಂದರೆ ಒಳ್ಳೆಯದೇ ಅಲ್ಲವೇ? ಕೈ ತಾನಾಗಿ ಮೂಗುತಿಗೆ ಹೋಯಿತು.

ಅದೇ ಮಧ್ಯಾಹ್ನ ಕಂಬದ ನೆರಳು ಕಾಣೆಯಾಯಿತು.

ಸಣ್ಣದಾಗುತ್ತ ಬಂದದ್ದು, ಹದಿನೈದನೆಯ ಮನೆಯ ಸರದಿಯಲ್ಲಿ ಕಂಬದ ಬುಡಕ್ಕೆ ಹೋಗಿ ಆರಿಹೋಯಿತು. ಜನ ತಮ್ಮ ತಮ್ಮ ಕಾಲ ಬುಡ ನೋಡಿಕೊಂಡರು. ಯಾರಿಗೂ ನೆರಳಿರಲಿಲ್ಲ. ರಮಾಮಣಿ ಕೊಡ ಕೆಳಗಿಟ್ಟು ರಾಮ ರಾಮ ಎಂದಳು. ನಿಶ್ಮಿತಾ ಮೊಬೈಲ್ ತೋರಿಸಿ, ಸೂರ್ಯ ನೆತ್ತಿಯ ಮೇಲೆ ಬಂದಾಗ ವರ್ಷಕ್ಕೆ ಎರಡು ದಿನ ಹೀಗೇ ಆಗುತ್ತದೆ, ಹೆದರುವಂಥದ್ದಲ್ಲ, "ಝೀರೋ ಶ್ಯಾಡೋ ಡೇ ಹೈ, ಡರೋ ಮತ್" ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಗುರುವಪ್ಪನವರನ್ನು.

"ನೆರಳಿಲ್ಲದ ಹೊತ್ತಿನ ನೀರು ಯಾರದ್ದು ಗುರುವಣ್ಣ?" ಎಂದ ಹೃಷೀಕೇಶ.

ಗುರುವಪ್ಪ ಒಂದು ಕ್ಷಣವೂ ತಡವರಿಸಲಿಲ್ಲ. "ದಾರಿಹೋಕನದ್ದು. ಆ ಹೊತ್ತಿಗೆ ಯಾರು ಗೇಟಿನಲ್ಲಿ ಕಾಣುತ್ತಾನೋ ಅವನಿಗೆ ಕೊಡಬೇಕು. ಇಲ್ಲದಿದ್ದರೆ ಒರತೆ ಬತ್ತುತ್ತದೆ."

ಗೇಟಿನಲ್ಲಿ ಕಂಡವನು ಟ್ಯಾಂಕರ್ ಡ್ರೈವರ್ ರೇವಣಸಿದ್ದ. ವಿಜಯಪುರ ಕಡೆಯವನು, ತುರ್ಭೆಯಲ್ಲಿ ಮನೆ. ಗುರುವಾರಕ್ಕಿಂತ ಮೊದಲು ಟ್ಯಾಂಕರ್ ಬರುವುದಿಲ್ಲವೆಂದು ಹೇಳಿಹೋಗಲು ಖಾಲಿ ಕೈಯಲ್ಲಿ ಬಂದಿದ್ದ. ಅವನ ಕೈಗೆ ಚೊಂಬು ಕೊಟ್ಟರು. ಬಾಯಿಗೆ ಹಾಕಿಕೊಂಡವನು ಫೂ ಎಂದು ಉಗಿದ ರಭಸಕ್ಕೆ ಎದುರಿಗಿದ್ದ ಬೆಕ್ಕು ಓಡಿಹೋಗಿ ಗೋಡೆ ಹತ್ತಿತು.

"ಏನ್ರಿ ಅಜ್ಜಾರ ಇದು? ನೀರಿಗೆ ಸಕ್ರಿ ಹಾಕೀರೇನು?"

"ಸಿಹಿನೀರು ಮಾರಾಯ. ನಿನ್ನ ಟ್ಯಾಂಕರಿನ ಹಳಸಲು ಕುಡಿದವನಿಗೆ ಹೇಗೆ ಗೊತ್ತಾಗಬೇಕು?"

"ನಗಬ್ಯಾಡ್ರಿ. ನಮ್ಮ ತುರ್ಭೆದಾಗ ಡ್ರಮ್ ತೊಳಿಯೋ ಶೆಡ್ ಅದಾವು. ಅಲ್ಲಿ ಗಟಾರದಾಗ ಹಿಂಗ ಸೀ ವಾಸನಿ ಬರ್ತದ. ಹೋದ ವರ್ಷ ಆ ನೀರು ಕುಡದು ನಾಕು ನಾಯಿ ಒದ್ದಾಡಿ ಸತ್ವು. ಸೀ ಅದ ಅಂತ ಮತ್ತ ಮತ್ತ ನೆಕ್ಕತಿದ್ವು." ಅವನು ಕತ್ತು ಎತ್ತಿ ಗೋಡೆಯಾಚೆಯ ನೀಲಿ ಡ್ರಮ್ಮುಗಳನ್ನು ನೋಡಿದ. "ಇದರಿಂದ ನಾ ನನ್ನ ಟ್ಯಾಂಕರ್ ಸೈತ ತೊಳಿಯಂಗಿಲ್ರಿ."

ಮೊದಲು ರಮಾಮಣಿ ನಕ್ಕಳು. ಬಾವಿ ತೆರೆದರೆ ಹೊಟ್ಟೆ ಉರಿಯುವುದು ಯಾರಿಗೆ? ಟ್ಯಾಂಕರಿನವನಿಗೆ! ಇಡೀ ಸೊಸೈಟಿ ನಕ್ಕಿತು. ಥಾಣೆಯವರೆಗೆ ಕೇಳಿಸುವಂತೆ ನಕ್ಕಿತು. ರೇವಣಸಿದ್ದ ಚೊಂಬನ್ನು ಬಾವಿಕಟ್ಟೆಯ ಮೇಲಿಟ್ಟು ಬಾಗಿಯ ಕಡೆ ತಿರುಗಿ, "ಅವ್ವ, ನೀನಾದ್ರೂ ಕುಡಿಬ್ಯಾಡ" ಎಂದು ಹೋದ. ಅವನು ಗೇಟು ದಾಟುವಾಗ ಕಂಬದ ಬುಡದಿಂದ ಕರಿಯ ದಾರದಂತೆ ನೆರಳು ಆಚೆ ಬದಿಗೆ ಹೊರಬಂತು.

ಆರನೆಯ ದಿನ ಸಿಹಿ ಹೆಚ್ಚಿತ್ತು. ಬಾಗಿ ಅನುಮಾನದಲ್ಲೇ ಮೂಗುತಿ ಮುಟ್ಟಿ, ಮನೆಗೆ ಬಂದು ಕುದಿಸಿ ನೋಡಿದಳು. ಕುದಿದಷ್ಟೂ ಸಿಹಿಯಾಯಿತು, ಮೇಲೆ ಎಣ್ಣೆಯಂಥದ್ದು ಮಿನುಗಿತು. ತುಳಸಿಯ ಎಲೆಗಳ ಅಂಚು ಸುಟ್ಟ ಹಾಗಾಯಿತು. ಕಂಪೌಂಡಿನ ಪಾರಿವಾಳಗಳು ಬಾವಿಕಟ್ಟೆಯ ಮೇಲೆ ಚೆಲ್ಲಿದ್ದನ್ನು ಕುಡಿದು, ಹಾರಲು ಹೋಗಿ ಹಾರುವುದು ಮರೆತವರಂತೆ ನಡೆದಾಡಿದವು. ಮನೆಮನೆಯಲ್ಲಿ ಮಾತ್ರ ಹೊಗಳಿಕೆ. ಚಹಾಕ್ಕೆ ಸಕ್ಕರೆ ಬೇಡ, ಮಕ್ಕಳು ಕೇಳಿ ಕೇಳಿ ಕುಡಿಯುತ್ತಿವೆ, ಗುರುವಣ್ಣನ ಕೈಗುಣ. ನಿಶ್ಮಿತಾ ಆ ಸಂಜೆ ತಲೆ ತಿರುಗಿ ಸೋಫಾದ ಮೇಲೆ ಮಲಗಿ, "ಅಜ್ಜಿ, ಸರ್ ಘೂಮ್ ರಹಾ ಹೈ" ಎಂದಳು. ಸೊಂಟ ನೋವು ಎಂದಳು. ಬಾಗಿ ಅವಳನ್ನು ಕಲ್ಯಾಣದ ಅವಳ ಅಪ್ಪನ ಮನೆಗೆ ರಿಕ್ಷಾದಲ್ಲಿ ಕಳಿಸಿ, ಡಾಕ್ಟರಿಗೆ ತೋರಿಸಲು ಫೋನಿನಲ್ಲಿ ಹೇಳಿದಳು.

ಏಳನೆಯ ಬೆಳಿಗ್ಗೆ ಸೆರಗಿನ ಮರೆಯ ಗುಟುಕು ಬಾಯಿಗೆ ತಾಗಿದ್ದೇ ಅವಳ ತುಟಿ ಜುಮ್ಮೆಂದಿತು. ನುಂಗದೆ ಉಗಿದಳು. ತಿರುಗಿ ಗಂಡನ ಕಣ್ಣಿಗೆ ಕಣ್ಣಿಟ್ಟು ಕಿವಿ ಮುಟ್ಟಿದಳು. ಎಡಗಿವಿ ಮುಟ್ಟಿದಳು, ಬಲಗಿವಿ ಮುಟ್ಟಿದಳು, ಎರಡೂ ಕಿವಿಗಳನ್ನು ಹಿಡಿದು ಬಸ್ಕಿ ತೆಗೆಯುವ ಮಗುವಿನಂತೆ ನಿಂತಳು.

ಗುರುವಪ್ಪ ಬಟ್ಟಲೆತ್ತಿ ಕುಡಿದರು. ಇನ್ನೊಂದು ಬಟ್ಟಲು ಕೇಳಿ ತೆಗೆದುಕೊಂಡು ಅದನ್ನೂ ಕುಡಿದರು.

ಮಧ್ಯಾಹ್ನ ಅವರು ಮನೆಗೆ ಬರುವವರೆಗೆ ಬಾಗಿ ಬಾಗಿಲಲ್ಲೇ ನಿಂತಿದ್ದಳು. "ಕಾಣಲಿಲ್ವಾ ನಿಮಗೆ?"

"ಕಂಡಿತು."

"ಮತ್ತೆ? ದೇವರಾಣೆ ಎಲ್ಲಿ ಹೋಯಿತು? ಮಗು ತಲೆ ತಿರುಗಿ ಬಿದ್ದಿದೆ ಅಲ್ಲಿ!"

ಗುರುವಪ್ಪನವರ ಮುಖದಲ್ಲಿ ಅವಳು ಮದುವೆಯ ದಿನವೂ ಕಾಣದಿದ್ದ ಬೆಳಕಿತ್ತು. ಆಚೀಚೆ ನೋಡಿ, ಬಾಗಿಲು ಹಾಕಿ, ಗುಟ್ಟು ಹೇಳುವಂತೆ ಬಗ್ಗಿದರು. "ಬಾಗೀ, ನಿನ್ನೆಯಿಂದ ನನಗೆ ಸಿಹಿ ಗೊತ್ತಾಗ್ತಾ ಉಂಟು."

ಅವಳಿಗೆ ಅರ್ಥವಾಗಲಿಲ್ಲ.

"ನಾಲಿಗೆ ಬಂತು ಮಾರಾಯ್ತಿ! ಮೊದಲು ತುದಿಯಲ್ಲಿ ಚೂರು. ಇವತ್ತು ಗಂಟಲವರೆಗೆ. ನಾಲ್ಕು ವರ್ಷ ಮಣ್ಣು ತಿಂದೆ ನಾನು. ನೂರಾ ಹನ್ನೆರಡು ಮದುವೆಯಲ್ಲಿ ನಿನ್ನ ಮೂಗುತಿ ನೋಡಿ ಬದುಕಿದೆ. ಈ ನೀರು ಔಷಧಿ. ಕೆಟ್ಟದ್ದು ಹೀಗೆ ಮಾಡ್ತದಾ, ಹೇಳು?"

ಬಾಗಿ ಅಡುಗೆಮನೆಗೆ ಹೋಗಿ, ಒಂದು ಚಮಚ ಉಪ್ಪು ತಂದು, ಅವರ ಬಾಯಿಗಿಟ್ಟಳು. "ಇದು ಗೊತ್ತಾಗ್ತದಾ?"

ಅವರು ಚಪ್ಪರಿಸಿದರು. ಮುಖದ ಬೆಳಕು ಒಂದಿಷ್ಟು ಅಲ್ಲಾಡಿತು. "ಅದೂ ಬರ್ತದೆ. ಇನ್ನೆರಡು ದಿನ."

ಉಪ್ಪು ತಿಳಿಯದ, ಹುಳಿ ತಿಳಿಯದ, ಹಿಂಗಿನ ಡಬ್ಬಿಗೆ ಮೂಗು ಹಾಕಿದರೂ ಏನೂ ತಿಳಿಯದ ಆ ಸತ್ತ ನಾಲಿಗೆಗೆ ಈ ಒಂದು ಸಿಹಿ ಮಾತ್ರ ತಿಳಿಯುತ್ತಿತ್ತು. ಅದು ಎಂಥ ಸಿಹಿ ಇರಬೇಕು?

"ನಾಳೆ ಬೆಳಿಗ್ಗೆ ನೀವೇ ಹೇಳಿ ಮುಚ್ಚಿಸಬೇಕು," ಎಂದಳು. "ಇಲ್ಲದಿದ್ದರೆ ನಾನು ಹೇಳುತ್ತೇನೆ."

"ಎಂತ ಹೇಳ್ತಿ? ನನ್ನ ಗಂಡನಿಗೆ ನಾಲಿಗೆ ಇಲ್ಲ ಅಂತಲಾ?"

"ಹೌದು."

ಹೇಳಲಾರಳು ಎಂಬ ಧೈರ್ಯ ಅವರ ಮುಖದಲ್ಲಿತ್ತು. ನಲವತ್ತು ವರ್ಷದಲ್ಲಿ ಅವರ ಒಂದು ಸುಳ್ಳನ್ನೂ ಅವಳು ಹೊರಗೆ ಬಿಟ್ಟುಕೊಟ್ಟಿರಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಹದಿನೆಂಟು ಮನೆಯವರು ಕೊಡ ಸಾಲಿಟ್ಟು ನಿಂತಿದ್ದರು. ಸತ್ತ ಪಾರಿವಾಳಗಳನ್ನು ಯಾರೋ ಗುಡಿಸಿ ಮೂಲೆಗೆ ಹಾಕಿ ಮೇಲೊಂದು ಪೇಪರು ಮುಚ್ಚಿದ್ದರು. ಮೂವರು ಮಕ್ಕಳು ಸ್ಕೂಲಿನ ಬೇಸಿಗೆ ಶಿಬಿರಕ್ಕೆ ಹೋಗದೆ ಮಲಗಿದ್ದರು. ಬಿಸಿಲಿಗೆ ಹಾಗಾಗುತ್ತದೆ ಎಂದು ಅಮ್ಮಂದಿರು ಅವರಿಗೆ ಇನ್ನೂ ಹೆಚ್ಚು ನೀರು ಕುಡಿಸುತ್ತಿದ್ದರು.

ಗುರುವಪ್ಪ ಬಟ್ಟಲೆತ್ತಿದರು. ಬಾಗಿ ಹೋಗಿ ಅವರ ಕೈ ಹಿಡಿದಳು.

"ಈ ನೀರು ಕುಡಿಯಬೇಡಿ ಯಾರೂ," ಎಂದಳು. ಅವಳ ದನಿ ಸಣ್ಣದು. ಆದರೂ ಆವತ್ತು ಅದು ನಾಲ್ಕನೇ ಮಹಡಿಯವರೆಗೆ ಹೋಯಿತು. "ಇವರಿಗೆ ರುಚಿ ಗೊತ್ತಾಗುವುದಿಲ್ಲ. ಜ್ವರ ಬಂದಾಗಿನಿಂದ ಇಲ್ಲ. ಇಷ್ಟು ದಿನ ರುಚಿ ನೋಡಿದ್ದು ನಾನು. ನಿನ್ನೆ ಕೆಟ್ಟದು ಅಂತ ಹೇಳಿದೆ, ಇವರು ಕೇಳಲಿಲ್ಲ. ಒಮಾನಿನಲ್ಲಿ ಇವರು ಬೇಯಿಸಿದ್ದು ಅನ್ನ."

ರಮಾಮಣಿ, "ಬಾಗಕ್ಕ, ಗಂಡನ ಹೆಸರು ದೊಡ್ಡದಾದರೆ ಇಷ್ಟು ಹೊಟ್ಟೆಕಿಚ್ಚಾ?" ಎಂದಳು. "ಸರಿ ಸರಿ, ಹೊತ್ತಾಯಿತು" ಎಂದು ಹಿಂದಿನಿಂದ ಯಾರೋ ಕೂಗಿದರು. ಕೊಡಗಳು ಮುಂದೆ ಸರಿದವು.

ಬಾಗಿ ಸೊಂಟದಿಂದ ಒಂದು ಪೊಟ್ಟಣ ತೆಗೆದಳು. ಹೃಷೀಕೇಶನನ್ನು ಕರೆದು, "ನೀನೇ ನೋಡು ತಮ್ಮ, ನೆಕ್ಕಿ ನೋಡು, ಎಂತ ಇದು?" ಎಂದಳು. ಅವನು ನೆಕ್ಕಿ ಮುಖ ಹಿಂಡಿದ. "ಹೇಳಬೇಡ," ಎಂದಳು. ಗಂಡನ ಹೆಗಲ ಮೇಲಿನ ಪಂಚೆಯನ್ನು ಅವರ ಕಣ್ಣಿಗೆ ಕಟ್ಟಿದಳು. ಗುರುವಪ್ಪ ಬೇಡವೆನ್ನಲಿಲ್ಲ. ಎನ್ನುವ ಹಾಗಿರಲಿಲ್ಲ; ಎಲ್ಲರೂ ನೋಡುತ್ತಿದ್ದರು. ಪೊಟ್ಟಣದಲ್ಲಿದ್ದ ಹಿಡಿ ಉಪ್ಪನ್ನು ಅವರ ಬಾಯಿಗೆ ಹಾಕಿದಳು.

ಅಷ್ಟು ಉಪ್ಪಿಗೆ ಅರಬ್ಬೀ ಸಮುದ್ರವೂ ವಾಂತಿ ಮಾಡಿಕೊಳ್ಳಬೇಕು. ಗುರುವಪ್ಪ ನಿಧಾನವಾಗಿ ಅಗಿದರು. ಕಣ್ಣಿಗೆ ಮೂಗುತಿಯೂ ಇಲ್ಲ, ಕಿವಿಯೂ ಇಲ್ಲ. ಅವರ ಹಣೆಯಿಂದ ಬೆವರಿಳಿದು ಪಂಚೆಯೊಳಗೆ ಹೋಯಿತು. ಹರಳು ಹರಳಾಗಿದ್ದದ್ದು ಹಲ್ಲಿಗೆ ಸಿಕ್ಕಿರಬೇಕು. ಮುಖ ಅರಳಿಸಿ, ಮದುವೆಮನೆಯ ಅದೇ ದೊಡ್ಡ ದನಿಯಲ್ಲಿ ಹೇಳಿದರು:

"ಸಕ್ಕರೆ! ನಂಬರ್ ಒನ್ ಸಕ್ಕರೆ!"

"ಅದು ಉಪ್ಪು," ಎಂದ ಹೃಷೀಕೇಶ. ಯಾರೂ ನಗಲಿಲ್ಲ. ಬಾಗಿ ಪಂಚೆ ಬಿಚ್ಚಿದಾಗ ಗುರುವಪ್ಪ ಜನರ ಮುಖಗಳನ್ನು ನೋಡಿದರು, ಹೆಂಡತಿಯ ಮುಖ ನೋಡಿದರು, ತಲೆ ತಗ್ಗಿಸಿದರು. ರಮಾಮಣಿ ತನ್ನ ತುಟಿ ಮುಟ್ಟಿಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ತುಟಿ ಮುಟ್ಟಿಕೊಂಡರು. "ಹಾಗಾದರೆ ನಾವು ಇಷ್ಟು ದಿನ ಕುಡಿದದ್ದು ಏನು?" ಎಂದು ಯಾರೋ ಮೆಲ್ಲಗೆ ಕೇಳಿದರು. ಉತ್ತರಕ್ಕೆ ಕಾಯದೆ ಮಲಗಿದ್ದ ಮಕ್ಕಳ ಅಮ್ಮಂದಿರು ಮೆಟ್ಟಿಲಿನ ಕಡೆ ಓಡಿದರು.

ಆರು ಜನ ಗಂಡಸರು ಮುಚ್ಚಳ ಎಳೆದು, ಮೇಲೆ ರುಬ್ಬುವ ಕಲ್ಲಿಟ್ಟರು. ಹೃಷೀಕೇಶ ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ದ. ಸಂಜೆ ಕಲ್ಯಾಣದಿಂದ ಫೋನು ಬಂತು: ನಿಶ್ಮಿತಾಳನ್ನು ಸೇರಿಸಿಕೊಂಡಿದ್ದಾರೆ, ಸಲೈನ್ ಹಾಕಿದ್ದಾರೆ, ಎಚ್ಚರವಿದ್ದಾಳೆ. ಅಪ್ಪನಿಗೂ ತೋರಿಸಬೇಕು, ಈಗಲೇ ಕರೆದುಕೊಂಡು ಬನ್ನಿ, ಎಂದ ಮಗ. ಬಾಗಿ ಬಟ್ಟೆಯ ಚೀಲ ಕಟ್ಟಿಟ್ಟು, ಗುರುವಪ್ಪನವರನ್ನು ಒಳಗೆ ಮಲಗಿಸಿ, ರಿಕ್ಷಾ ಕರೆಯಲು ಇಳಿದಳು. ರಿಕ್ಷಾ ಸಿಗಲು ಒಂದು ಗಂಟೆಯಾಯಿತು. ಆ ಸಂಜೆ ನೀರು ಹುಡುಕಿಕೊಂಡು ಇಡೀ ಡೊಂಬಿವಲಿ ರಿಕ್ಷಾದಲ್ಲೇ ಕೂತಿತ್ತು.

ವಾಪಸು ಬಂದು ಗೇಟು ದಾಟುವಾಗ ಬಾವಿಯ ಕಡೆ ನೋಡಿದಳು. ಕಲ್ಲು ಕೆಳಗೆ ಉರುಳಿತ್ತು. ಆರು ಜನ ಎಳೆದ ಮುಚ್ಚಳ ಒಂದು ಕೊಡ ಹೋಗುವಷ್ಟು ಸರಿದಿತ್ತು. ಅಲ್ಲಿಂದ ಕಂಪೌಂಡಿನ ಉದ್ದಕ್ಕೂ ನೀರಿನ ಹನಿಗಳ ಸಾಲು. ಅವಳು ಸಾಲನ್ನು ಹಿಡಿದು ಮೆಟ್ಟಿಲು ಹತ್ತಿದಳು. ಮೊದಲ ಮಹಡಿಯ ಯಾವ ಬಾಗಿಲಿಗೂ ಅದು ತಿರುಗಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯ ಮಹಡಿಯಲ್ಲಿ ಎಡಕ್ಕೆ ತಿರುಗಿ ಅವಳ ಹೊಸ್ತಿಲನ್ನು ದಾಟಿ ಒಳಗೆ ಹೋಗಿತ್ತು.

ಗುರುವಪ್ಪ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ತೊಡೆಯ ಮೇಲೆ ಅನ್ನದ ಬಟ್ಟಲು, ಪಕ್ಕದಲ್ಲಿ ತುಂಬಿದ ಕೊಡ. ಅನ್ನಕ್ಕೆ ಆ ನೀರನ್ನೇ ಹೊಯ್ದುಕೊಂಡು ಕಲಸಿ ಉಣ್ಣುತ್ತಿದ್ದರು. ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು.

"ಊಟ ರುಚಿಯಾಗ್ತಾ ಉಂಟು ಬಾಗೀ," ಎಂದರು. ಈ ಸಲ ದನಿಯಲ್ಲಿ ಬಡಾಯಿ ಇರಲಿಲ್ಲ. "ನಾಲ್ಕು ವರ್ಷದ ಮೇಲೆ ಅನ್ನ ರುಚಿಯಾಗ್ತಾ ಉಂಟು."

ಅವಳು ಕೊಡಕ್ಕೆ ಕೈ ಹಾಕಿದಳು. ಅವರು ಅದನ್ನು ತಬ್ಬಿ ಹಿಡಿದರು. "ಇದು ನನಗೊಬ್ಬನಿಗೆ. ಇದರಲ್ಲಿ ಯಾರಿಗೂ ಪಾಲಿಲ್ಲ." ಅವಳು ಎಳೆದಳು, ಅವರು ಎಳೆದರು. ನೀರು ಇಬ್ಬರ ಮೇಲೂ ಚೆಲ್ಲಿ ಬಟ್ಟೆಗೆ ಅಂಟಂಟಾಗಿ ಹಿಡಿಯಿತು.

ತೆರೆದ ಬಾಗಿಲಲ್ಲಿ ಯಾರೋ ಕೆಮ್ಮಿದರು. ರಮಾಮಣಿ. ಸೊಂಟದಲ್ಲಿ ಖಾಲಿ ಕೊಡ.

"ಬಾಗಕ್ಕ, ಮೆಟ್ಟಿಲಲ್ಲಿ ಹನಿ ಕಂಡಿತು," ಎಂದಳು, ಅವಳ ಮುಖ ನೋಡದೆ. "ಕುಡಿಯಲಿಕ್ಕಲ್ಲ. ಪಾತ್ರೆ ತೊಳೆಯಲಿಕ್ಕೆ ಮಾತ್ರ. ಗುರುವಾರದವರೆಗೆ. ಅರ್ಧ ಕೊಡ ಇದ್ದರೆ..."

ಅವಳ ಹಿಂದೆ, ಕೆಳಗಿನ ಮಹಡಿಗಳಿಂದ, ಕೊಡಗಳು ಗೋಡೆಗೆ ತಾಗುವ ಸದ್ದು ಒಂದರ ಹಿಂದೊಂದಾಗಿ ಮೇಲೆ ಬರುತ್ತಿತ್ತು.